ಯೆಸ್ ಅನ್ನುವ ಮೊದಲು

ವಿಮಾನದಲ್ಲಿ ಕೊಬ್ಬರಿ ಒಯ್ಯುವ ಹಾಗಿಲ್ಲ ಎಂದಾಗ ಅಮ್ಮ ನಂಬಲೇ ಇಲ್ಲ. ಅವಳು ತಿಪಟೂರು ಸೀಮೆಯವಳು. ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿದ್ದಿದ್ದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗಿಟುಕು ಬಿಟ್ಟಿದೆಯೋ ಇಲ್ಲವೋ ಎಂದು ಹೇಳಬಲ್ಲವಳು. ಷಿಕಾಗೋ ಹತ್ತಿರ ಇರುವ ನನ್ನ ತಂಗಿಯ ಬಾಣಂತನಕ್ಕೆ ಹೊರಟಿದ್ದಳು. ಬಾಣಂತಿಗೆ ಅಂಟಿನುಂಡೆ ಬೇಕು, ಅಂಟಿನುಂಡೆಗೆ ಕೊಬ್ಬರಿ ಬೇಕು. ಅದನ್ನೇ ಬಿಟ್ಟು ಹೋಗು ಎಂದರೆ ಹೇಗೆ?

ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಒತ್ತೊತ್ತಾಗಿ ತುಂಬಿಟ್ಟರೆ ತನ್ನಷ್ಟಕ್ಕೆ ಕಾವು ಏರಿ ಹೊತ್ತಿಕೊಳ್ಳಬಹುದು, ಅದಕ್ಕೇ ಅದು ವಿಮಾನಗಳ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ, 1363 ಎಂದು ನಂಬರು ಕೂಡ ಕೊಟ್ಟಿದ್ದಾರೆ ಎಂದು ಓದಿ ಹೇಳಿದೆ. ಪಟ್ಟಿಯಲ್ಲಿ ಅದರ ಹೆಸರು ಕೊಪ್ರಾ. ‘ಕೊಪ್ರಾ ಅಂದ್ರೆ ನಮ್ ಕೊಬ್ಬರಿನೇ ಅಲ್ವೇನೇ’ ಎಂದು ಅಮ್ಮ ಥಟ್ಟನೆ ಹಿಡಿದಳು. ಹೌದು, ಮಲಯಾಳದ ಕೊಪ್ಪರ ಪೋರ್ಚುಗೀಸರ ಬಾಯಿಗೆ ಬಿದ್ದು ಇಂಗ್ಲಿಷಿಗೆ ಹೋದ ಪದ ಅದು. ಸರಿ, ಕೌಂಟರಿನಲ್ಲಿ ಹೇಗೆ ಕೇಳುತ್ತಾರೆ ನೋಡೋಣ ಎಂದು ನಾನು ಕುರ್ಚಿ ಎಳೆದು ಕೂತು, ಅಲ್ಲಿನ ಹುಡುಗಿಯರ ವೇಗದಲ್ಲೇ ಕೇಳಿದೆ: ‘ಎನಿ ಕೊಪ್ರಾ, ಡ್ರೈ ಕೊಕೊನಟ್, ಪವರ್ ಬ್ಯಾಂಕ್ ಇನ್ ಯುವರ್ ಚೆಕ್-ಇನ್ ಬ್ಯಾಗ್, ಮ್ಯಾಮ್?’

ಅಮ್ಮ ನಗುತ್ತ ತಲೆಯಾಡಿಸಿ ‘ಯೆಸ್ ಯೆಸ್’ ಎಂದಳು.

ಅರ್ಧ ನಿಮಿಷದ ಹಿಂದಷ್ಟೇ ಆ ಪದ ಅವಳಿಗೆ ಅರ್ಥವಾಗಿತ್ತು. ಆದರೂ ಯಾರೋ ಇಂಗ್ಲಿಷಿನಲ್ಲಿ ಜೋರಾಗಿ ಕೇಳಿದ ಕೂಡಲೇ ಅವಳ ಬಾಯಲ್ಲಿ ಬಂದದ್ದು ಯೆಸ್. ಆವತ್ತು ನನಗೆ ಭಯವಾಯಿತು. ಟಿಕೆಟ್ ಆಗಿತ್ತು, ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಷಿಕಾಗೋ. ಒಬ್ಬಳೇ ಹೋಗಬೇಕು. ನಲವತ್ತು ದಿನ ಇತ್ತು.

ಬಂಧುಗಳೆಲ್ಲ ಒಂದೇ ಉಪಾಯ ಹೇಳಿದರು, ‘ವೀಲ್‌ಚೇರ್ ಹಾಕ್ಸಿಬಿಡಿ, ಅವರೇ ತಳ್ಕೊಂಡು ಹೋಗ್ತಾರೆ’. ನಮ್ಮ ಕಡೆಯ ಎಷ್ಟು ಅಪ್ಪಅಮ್ಮಂದಿರು ಹಾಗೆ ಹೋಗಿದ್ದಾರೋ ಲೆಕ್ಕವಿಲ್ಲ. ಅವರಲ್ಲಿ ಕಾಲು ನೋವಿನವರೂ ಇದ್ದಾರೆ, ಅವರಿಗೆ ಅದು ಬೇಕೇ ಬೇಕು. ಆದರೆ ಕಾಲು ಗಟ್ಟಿಯಿದ್ದು ಮಾತು ಮಾತ್ರ ಬಾರದವರೂ ಅದರಲ್ಲಿ ಕೂರುತ್ತಾರೆ, ದಾರಿ ಕೇಳಲು ಹೆದರಿ. ಅಮ್ಮ ರಾಜಾಜಿನಗರದಿಂದ ಮಲ್ಲೇಶ್ವರದ ಮಾರ್ಕೆಟ್ಟಿಗೆ ನಡೆದೇ ಹೋಗಿ ಎರಡು ಚೀಲ ತರಕಾರಿ ಹೊತ್ತು ಬರುತ್ತಾಳೆ. ‘ಕಾಲಿರೋಳು ಕುರ್ಚಿ ಮೇಲೆ ಕೂತ್ರೆ ಕಾಲಿಲ್ದೋರಿಗೆ ಏನ್ ಮಾಡ್ತಾರೆ?’ ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಇಂಗ್ಲಿಷ್ ಕಲಿಸಲು ಕೂತೆ.

ಮೊದಲು ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಿಂದ ಇಂಗ್ಲಿಷ್ ಕಲಿಸುವ ಪುಸ್ತಕವೊಂದನ್ನು ತಂದೆ. ವಿಮಾನ ನಿಲ್ದಾಣದ ಪಾಠವೂ ಅದರಲ್ಲಿತ್ತು. ‘ವೇರ್ ಈಸ್ ದಿ ಬೋರ್ಡಿಂಗ್ ಗೇಟ್?’ ಎಂಬ ವಾಕ್ಯ, ಕೆಳಗೆ ಕನ್ನಡದಲ್ಲಿ ಅರ್ಥ. ಅಮ್ಮ ಎರಡು ದಿನದಲ್ಲಿ ಅದನ್ನು ಬಾಯಿಪಾಠ ಮಾಡಿ ನಿರರ್ಗಳವಾಗಿ ಒಪ್ಪಿಸಿದಳು. ಆಮೇಲೆ ನಾನು ಉತ್ತರ ಕೊಟ್ಟೆ: ‘ಗೋ ಪಾಸ್ಟ್ ಸೆಕ್ಯೂರಿಟಿ, ಟೇಕ್ ದಿ ಎಸ್ಕಲೇಟರ್ ಡೌನ್, ಇಟ್ಸ್ ಆನ್ ಯುವರ್ ಲೆಫ್ಟ್ ಆಫ್ಟರ್ ದಿ ಡ್ಯೂಟಿ ಫ್ರೀ’. ಅಮ್ಮನ ಮುಖ ಬಾಡಿತು. ಪ್ರಶ್ನೆ ಎಷ್ಟು ಚೆಂದಾಗಿ ಕೇಳುತ್ತೇವೋ ಉತ್ತರ ಅಷ್ಟೇ ಜೋರಾಗಿ ಬರುತ್ತದೆ. ಎದುರಿಗಿರುವವರು ಇವರಿಗೆ ಭಾಷೆ ಬರುತ್ತದೆ ಎಂದುಕೊಳ್ಳುತ್ತಾರೆ. ಇಂಥ ಪುಸ್ತಕಗಳು ಪ್ರಶ್ನೆ ಕಲಿಸಿ ಉತ್ತರದ ಮುಂದೆ ನಮ್ಮನ್ನು ಒಂಟಿಯಾಗಿ ಬಿಟ್ಟುಬಿಡುತ್ತವೆ.

ಆದ್ದರಿಂದ ಪುಸ್ತಕ ಮುಚ್ಚಿ, ನಾವೇ ವಾಕ್ಯಗಳನ್ನು ಕಟ್ಟಲು ಹೊರಟೆವು. ಉತ್ತರ ಕೈಸನ್ನೆಯಲ್ಲೋ, ಹೌದು ಅಲ್ಲ ಎಂಬ ಒಂದು ಮಾತಲ್ಲೋ, ಬರವಣಿಗೆಯಲ್ಲೋ ಬರುವಂಥ ಪ್ರಶ್ನೆಗಳನ್ನೇ ಆರಿಸಿಕೊಂಡೆವು. ಬೋರ್ಡಿಂಗ್ ಪಾಸ್ ತೋರಿಸಿ ‘ಎಕ್ಸ್‌ಕ್ಯೂಸ್ ಮಿ, ದಿಸ್ ಗೇಟ್? ದಿಸ್ ವೇ?’ ಎಂದು ಒಂದು ಕಡೆಗೆ ಕೈ ತೋರಿಸಿದರೆ ಸಾಕು. ತಪ್ಪಿದ್ದರೆ ಅವರೇ ಇನ್ನೊಂದು ಕಡೆಗೆ ಕೈ ತೋರಿಸುತ್ತಾರೆ. ವ್ಯಾಕರಣದ ಮೇಷ್ಟ್ರು ಒಪ್ಪಲಿಕ್ಕಿಲ್ಲ, ಆದರೆ ದಾರಿ ಸಿಗುತ್ತದೆ. ಸಂಖ್ಯೆ ಹೇಳಿದರೆ ‘ಪ್ಲೀಸ್ ರೈಟ್ ಇಟ್’ ಎಂದು ಪೆನ್ನು ಮುಂದೆ ಹಿಡಿಯುವುದು. ಥರ್ಟೀನ್ ಯಾವುದು, ಥರ್ಟಿ ಯಾವುದು ಎಂಬುದು ಗದ್ದಲದಲ್ಲಿ ಓದಿಕೊಂಡವರಿಗೂ ಕೇಳುವುದಿಲ್ಲ. ಗೇಟು 13 ಎಂದುಕೊಂಡು 30ಕ್ಕೆ ಹೋದರೆ ಅರ್ಧ ಗಂಟೆ ಹಾಳು. ಫ್ರಾಂಕ್‌ಫರ್ಟಿನಲ್ಲಿ ಗೇಟುಗಳಿಗೆ ಎ, ಬಿ, ಸಿ ಜೊತೆಗೆ ಝೆಡ್ ಕೂಡ ಇದೆ. ನಾವು ಝೆಡ್ ಅನ್ನುವುದನ್ನು ಅಮೆರಿಕದವರು ಝೀ ಅನ್ನುತ್ತಾರೆ, ಅದು ಬೇಗ ಹೇಳಿದರೆ ಸಿ ಥರವೇ ಕೇಳುತ್ತದೆ. ಇದಕ್ಕೂ ಪೆನ್ನೇ ಮದ್ದು.

ಚಿತ್ರಫಲಕಗಳನ್ನು ಕಲಿಯಲು ಒಂದು ಸಂಜೆ ಸಾಕಾಯಿತು. ಮೂಗು ಮೇಲೆತ್ತಿದ ವಿಮಾನ ಅಂದರೆ ಹೊರಡುವುದು, ತಗ್ಗಿಸಿದ ವಿಮಾನ ಅಂದರೆ ಬರುವುದು, ಸೂಟ್‌ಕೇಸು ಅಂದರೆ ಲಗೇಜು ಸಿಗುವ ಜಾಗ. ಅಮೆರಿಕದ ಸಾರಿಗೆ ಇಲಾಖೆ 1974ರಲ್ಲಿ ಚಿತ್ರಕಾರರ ಸಂಘವೊಂದರ ಜೊತೆ ಕೂತು ಇಂಥ 34 ಚಿತ್ರಗಳನ್ನು ಬರೆಸಿತ್ತು. ಆಮೇಲೆ ಜಗತ್ತಿನ ಎಷ್ಟೋ ಕಡೆ ಅವೋ ಅವುಗಳ ಸೋದರರೋ ಕಾಣುತ್ತವೆ. ಭಾಷೆ ಬಾರದವರನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೋ ಅಷ್ಟು ಹಿಂದೆಯೇ ಕೆಲಸ ಮಾಡಿದ್ದಾರೆ ಎಂದು ಕೇಳಿ ಅಮ್ಮನಿಗೆ ಧೈರ್ಯ ಬಂತು.

ಆದರೆ ಯೆಸ್ ಮಾತ್ರ ಹೋಗಲಿಲ್ಲ.

ಅದರ ಬೇರು ಎಲ್ಲಿದೆ ಎಂದು ನಾನು ಬಹಳ ಯೋಚಿಸಿದ್ದೇನೆ. ಅಮ್ಮನ ಕಾಲದಲ್ಲಿ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿಗೆ ಬಂದಮೇಲೆ ಎಬಿಸಿಡಿ. ನಮ್ಮ ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವರು ಹೆಚ್ಚಾಗಿ ಲೆಕ್ಕದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ‘ಅರ್ಥ ಆಯ್ತಾ?’ ಎಂದು ಮೇಷ್ಟ್ರು ಕೇಳಿದರೆ ‘ಆಯ್ತು ಸಾರ್’ ಎಂದು ಇಡೀ ಕ್ಲಾಸೇ ಕೂಗುತ್ತಿತ್ತಂತೆ. ಆಗಲಿಲ್ಲ ಎಂದವಳು ಎದ್ದು ನಿಲ್ಲಬೇಕಿತ್ತು. ಹಾಗೆ ಹತ್ತು ವರ್ಷದ ಹುಡುಗಿಯ ಮೈಗೆ ಹತ್ತಿದ ಆಯ್ತು ಸಾರ್ ಅರವತ್ತೆರಡರಲ್ಲೂ ಯೆಸ್ ಯೆಸ್ ಎಂದು ಹೊರಬರುತ್ತಿತ್ತು.

ಇದಕ್ಕೆ ನಾವು ಒಂದು ಆಟ ಕಟ್ಟಿದೆವು. ದಿನಕ್ಕೆ ಹತ್ತು ಸಲ, ಅವಳು ಸೊಪ್ಪು ಬಿಡಿಸುವಾಗ, ಪೂಜೆಗೆ ಹೂ ಕಟ್ಟುವಾಗ, ನಾನು ಇದ್ದಕ್ಕಿದ್ದಂತೆ ಇಂಗ್ಲಿಷಿನ ಧಾಟಿಯಲ್ಲಿ ಅರ್ಥವೇ ಇಲ್ಲದ ಶಬ್ದಗಳನ್ನು ವೇಗವಾಗಿ ಉದುರಿಸುತ್ತಿದ್ದೆ. ತಲೆಯಾಡಿಸಿದರೆ ಅವಳು ಸೋತಳು. ‘ಸಾರಿ, ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್. ಸ್ಲೋಲಿ ಪ್ಲೀಸ್’ ಎಂದರೆ ಗೆದ್ದಳು. ಮೊದಲ ವಾರ ದಿನಾ ಸೋತಳು. ಎರಡನೇ ವಾರದಲ್ಲಿ ಒಂದು ಬೆಳಿಗ್ಗೆ ಒಗ್ಗರಣೆ ಸೌಟು ಕೈಯಲ್ಲಿ ಹಿಡಿದುಕೊಂಡೇ ತಿರುಗಿ, ನನ್ನ ಕಣ್ಣನ್ನೇ ನೋಡಿ, ‘ಸ್ಲೋಲಿ ಪ್ಲೀಸ್’ ಎಂದಳು. ಆ ಧ್ವನಿಯಲ್ಲಿ ತಪ್ಪೊಪ್ಪಿಗೆ ಇರಲಿಲ್ಲ. ನನಗೆ ಕಣ್ಣು ತುಂಬಿಬಂತು, ಹೇಳಿಕೊಳ್ಳಲು ಸಂಕೋಚವಿಲ್ಲ.

ತಲೆಯಾಡಿಸುವುದರಲ್ಲೇ ಇನ್ನೊಂದು ಗೊಂದಲವಿದೆ. ನಾವು ಹೂಂ ಅನ್ನುವಾಗ ತಲೆಯನ್ನು ಅತ್ತಿತ್ತ ತೂಗುತ್ತೇವೆ. ಅದು ಅಲ್ಲಿನವರ ಕಣ್ಣಿಗೆ ಇಲ್ಲ ಎಂದಂತೆಯೂ ಕಂಡೀತು. ಅದಕ್ಕಿಂತ ಸೂಕ್ಷ್ಮವಾದದ್ದು ನಮ್ಮ ಹೌದು. ‘ಮಾಂಸ ಗೀಂಸ ಇಲ್ಲ ತಾನೇ?’ ಎಂದು ಕೇಳಿದರೆ ನಾವು ‘ಹೌದು’ ಅನ್ನುತ್ತೇವೆ, ಇಲ್ಲ ಎನ್ನುವ ನಿಮ್ಮ ಮಾತು ನಿಜ ಎಂಬ ಅರ್ಥದಲ್ಲಿ. ಕನ್ನಡದ ಹೌದು ಕೇಳಿದವರ ಮಾತಿಗೆ ಸೇರಿಕೊಳ್ಳುತ್ತದೆ. ಇಂಗ್ಲಿಷಿನ ಯೆಸ್ ವಸ್ತುವಿಗೆ ಸೇರಿಕೊಳ್ಳುತ್ತದೆ. ‘ಯು ಡೋಂಟ್ ಹ್ಯಾವ್ ಎನಿ ಮೀಟ್?’ ಎಂದಾಗ ಯೆಸ್ ಅಂದರೆ ಮಾಂಸ ಇದೆ ಎಂದು ತಿಳಿದುಕೊಂಡಾರು. ಅದಕ್ಕೆ ಒಂಟಿ ಯೆಸ್, ಒಂಟಿ ನೋ ಎರಡನ್ನೂ ಬಿಡಿಸಿದೆ. ‘ನೋ ಮೀಟ್’, ‘ಐ ಹ್ಯಾವ್ ಸ್ವೀಟ್ಸ್’, ಹೀಗೆ ವಸ್ತುವಿನ ಹೆಸರನ್ನು ಜೊತೆಗಿಟ್ಟೇ ಹೇಳಬೇಕು. ವಿದೇಶಕ್ಕೆ ಹೊರಟ ಕನ್ನಡಿಗರಿಗೆ ಒಂದೇ ಒಂದು ವಿಷಯ ಕಲಿಸಲು ಸಮಯವಿದ್ದರೆ ನಾನು ಇದನ್ನೇ ಕಲಿಸುತ್ತೇನೆ.

ಮರ್ಯಾದೆಯ ಪಾಠ ಬೇರೆಯೇ ಥರ ಕಷ್ಟವಾಯಿತು. ಅಮ್ಮನಷ್ಟು ಮರ್ಯಾದೆಯಿಂದ ಮಾತಾಡುವವರು ನಮ್ಮ ಬೀದಿಯಲ್ಲೇ ಕಡಿಮೆ, ಹಾಲಿನ ಹುಡುಗನಿಗೂ ‘ಬನ್ನಿ, ಕೊಡಿ’ ಎನ್ನುವವಳು. ಆದರೆ ಆ ‘ಕೊಡಿ’ಯನ್ನು ಇಂಗ್ಲಿಷಿಗೆ ಒಯ್ದರೆ ‘ಗಿವ್ ವಾಟರ್’ ಆಗುತ್ತದೆ, ದಬಾಯಿಸಿದಂತೆ. ನಮ್ಮ ಮರ್ಯಾದೆ ಕ್ರಿಯಾಪದದ ಬಾಲದಲ್ಲಿದೆ, ಕೊಡು ಎಂಬುದು ಕೊಡಿ ಆದರೆ ಮುಗಿಯಿತು. ಇಂಗ್ಲಿಷಿನಲ್ಲಿ ಆ ಬಾಲ ಇಲ್ಲ, ಅದನ್ನು ಹೊರಗಿನಿಂದ ತಂದು ಸೇರಿಸಬೇಕು. ‘ಬೇಕು’ ಕೂಡ ಹಾಗೆಯೇ. ‘ನನಗೆ ನೀರು ಬೇಕು’ ಎಂದರೆ ನಮ್ಮಲ್ಲಿ ಯಾರಿಗೂ ಬೇಸರವಿಲ್ಲ. ‘ಐ ವಾಂಟ್ ವಾಟರ್’ ಅನ್ನುವಾಗ ಬೇಕೆನ್ನುವ ಆ ‘ನಾನು’ ಎದ್ದು ಮುಂದೆ ಬಂದು ನಿಲ್ಲುತ್ತದೆ. ‘ಕೆನ್ ಐ ಗೆಟ್ ಸಮ್ ಹಾಟ್ ವಾಟರ್, ಪ್ಲೀಸ್?’ ಎಂಬ ಒಂದೇ ಅಚ್ಚನ್ನು ಮಾಡಿಕೊಂಡು, ಬಿಸಿನೀರಿನ ಜಾಗದಲ್ಲಿ ಕಾಫಿ, ಹೊದಿಕೆ, ಸಹಾಯ ಏನನ್ನಾದರೂ ಕೂರಿಸುವುದನ್ನು ರೂಢಿಸಿದೆವು. ಈ ಒಂದು ಅಚ್ಚು ಹತ್ತು ಪಾಠಕ್ಕೆ ಸಮ.

‘ಬೇಡ’ದ ಕಥೆ ಇನ್ನೂ ದೊಡ್ಡದು. ನಮ್ಮಲ್ಲಿ ಮೊದಲನೇ ಸಲ ಬೇಡ ಅನ್ನುವುದು ಸೌಜನ್ಯ. ಎರಡನೇ ಸಲಕ್ಕೆ ಸ್ವಲ್ಪ ಮೆತ್ತಗಾಗುವುದು, ಮೂರನೇ ಸಲ ‘ನಿಮ್ಮ ಒತ್ತಾಯಕ್ಕೆ’ ಎಂದು ಲೋಟ ಹಿಡಿಯುವುದು. ಬಡಿಸುವವರಿಗೂ ಇದು ಗೊತ್ತು, ಉಪಚಾರ ಅಂದರೆ ಅದೇ. ವಿಮಾನದಲ್ಲಿ ತಿಂಡಿಯ ಗಾಡಿ ತಳ್ಳಿಕೊಂಡು ಬರುವ ಗಗನಸಖಿಗೆ ಇದು ಗೊತ್ತಿಲ್ಲ. ನೋ ಎಂದರೆ ನೋ, ಗಾಡಿ ಮುಂದೆ ಹೋಯಿತು. ನನಗೆ ಗೊತ್ತಿರುವ ಹಿರಿಯರೊಬ್ಬರು ಹದಿನಾರು ಗಂಟೆ ಬರೀ ನೀರು ಕುಡಿದು ಹೋಗಿ ಇಳಿದಿದ್ದಾರೆ. ಮೊದಲ ಸಲ ಕೇಳಿದಾಗ ಸಂಕೋಚಕ್ಕೆ ಬೇಡ ಎಂದಿದ್ದರು, ಎರಡನೇ ಸಲ ಯಾರೂ ಕೇಳಲಿಲ್ಲ. ಅಮ್ಮನಿಗೆ ಇದನ್ನು ಹೇಳಿದಾಗ ಸುಮ್ಮನೆ ಕೂತಳು. ಆಮೇಲೆ, ‘ಒಂದೇ ಸಲ ಕೇಳ್ತಾರೆ ಅನ್ನೋದಾದ್ರೆ ಒಂದೇ ಸಲಕ್ಕೆ ಈಸ್ಕೋಬೇಕು, ಅಷ್ಟೇ ತಾನೇ’ ಎಂದಳು.

ಊಟದಲ್ಲೇ ಇನ್ನೊಂದು ಎಚ್ಚರಿಕೆ. ಟಿಕೆಟ್ ಮಾಡಿಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ‘ಹಿಂದೂ ಮೀಲ್’ ಎಂದು ಹಾಕಿದ್ದರು. ವಿಮಾನಗಳ ಸಂಕೇತದಲ್ಲಿ ಎಚ್‌ಎನ್‌ಎಂಎಲ್ ಎಂದಿರುವ ಆ ಊಟದಲ್ಲಿ ಮಾಂಸ ಇರಬಹುದು, ದನ ಹಂದಿ ಇರುವುದಿಲ್ಲ ಅಷ್ಟೇ. ನಮ್ಮ ಥರದ ಸಸ್ಯಾಹಾರಕ್ಕೆ ಎವಿಎಂಎಲ್, ಅಂದರೆ ಏಷ್ಯನ್ ವೆಜಿಟೇರಿಯನ್ ಎಂದು ಹೇಳಿ ಹಾಕಿಸಬೇಕು. ಬದಲಾಯಿಸಲು ಹೇಳಿದೆ, ಆಯಿತು ಎಂದರು, ಒಂದು ವಿಮಾನಕ್ಕೆ ಮಾತ್ರ ಬದಲಾಗಿತ್ತೆಂದು ಆಮೇಲೆ ತಿಳಿಯಿತು. ವೆಜ್ ಎಂಬ ನಮ್ಮ ಪದ ಹೊರಗೆ ಎಲ್ಲರಿಗೂ ಗೊತ್ತಾಗುವುದಿಲ್ಲ. ವೆಜಿಟೇರಿಯನ್ ಎಂದರೂ ಮೀನು ಪರವಾಗಿಲ್ಲವೇ ಎಂದು ಕೇಳುವವರುಂಟು. ‘ನೋ ಮೀಟ್, ನೋ ಚಿಕನ್, ನೋ ಫಿಶ್, ನೋ ಎಗ್’ ಎಂದು ನಾಲ್ಕನ್ನೂ ಬೆರಳು ಮಡಿಸುತ್ತ ಹೇಳುವುದನ್ನು ಅಮ್ಮ ಶ್ಲೋಕದ ಹಾಗೆ ಕಲಿತಳು.

ಒಂದು ದಿನ ಅವಳಿಗೆ ಗೊತ್ತಿರುವ ಇಂಗ್ಲಿಷ್ ಪದಗಳನ್ನೆಲ್ಲ ಬರೆದುಕೊಳ್ಳೋಣ ಎಂದು ಕೂತೆವು. ಗ್ಯಾಸು, ಕುಕ್ಕರು, ಟೈಮು, ರೇಟು, ಚೇಂಜು, ಬಿಲ್ಲು, ಸೀಟು, ಡಾಕ್ಟರು. ಮುನ್ನೂರು ದಾಟಿತು. ತನಗೆ ಇಂಗ್ಲಿಷ್ ಬರುವುದಿಲ್ಲ ಎಂದುಕೊಂಡಿದ್ದವಳ ಬಾಯಲ್ಲಿ ಮುನ್ನೂರು ಪದ! ಆದರೆ ಕೆಲವು ಪದಗಳು ನಮ್ಮ ಮನೆಗೆ ಬಂದಮೇಲೆ ಅರ್ಥ ಬದಲಿಸಿಕೊಂಡಿವೆ. ‘ನನಗೆ ಶುಗರ್ ಇದೆ’ ಎಂಬುದನ್ನು ಹಾಗೇ ‘ಐ ಹ್ಯಾವ್ ಶುಗರ್’ ಎಂದರೆ ಬ್ಯಾಗಿನಲ್ಲಿ ಸಕ್ಕರೆ ಇದೆ ಎಂದಾಗುತ್ತದೆ. ‘ಐ ಹ್ಯಾವ್ ಡಯಾಬಿಟಿಸ್’ ಅನ್ನಬೇಕು. ಹೊಟ್ಟೆ ಕೆಟ್ಟರೆ ಲೂಸ್ ಮೋಷನ್ ಅನ್ನುತ್ತೇವೆ, ಅಲ್ಲಿ ಅದು ಡಯರಿಯಾ. ಜ್ವರದ ಪ್ಯಾರಾಸಿಟಮಾಲ್‌ಗೆ ಅಮೆರಿಕದಲ್ಲಿ ಅಸೆಟಮಿನೋಫೆನ್ ಎಂದು ಹೆಸರು, ಅಂಗಡಿಯಲ್ಲಿ ಟೈಲೆನಾಲ್ ಎಂದು ಕೇಳಿದರೆ ಕೊಡುತ್ತಾರೆ. ಮೆಡಿಕಲ್ ಶಾಪ್ ಎಂಬುದು ಫಾರ್ಮಸಿ, ಬಾತ್‌ರೂಮಿಗೆ ಬೋರ್ಡಿನ ಮೇಲೆ ರೆಸ್ಟ್‌ರೂಮ್. ಕೆನಡಾದಲ್ಲಿ ಅದೇ ವಾಷ್‌ರೂಮ್, ಇಂಗ್ಲೆಂಡಿನಲ್ಲಿ ಟಾಯ್ಲೆಟ್. ತರಕಾರಿ ಹೆಸರುಗಳನ್ನು ತಂಗಿ ಕಲಿಸುತ್ತಾಳೆ ಎಂದು ಬಿಟ್ಟೆ.

ಡ್ರೈ ಫ್ರೂಟ್ಸ್ ಮಾತ್ರ ಬಿಡುವಂತಿರಲಿಲ್ಲ. ನಾವು ಬಾದಾಮಿ, ಗೋಡಂಬಿಗೆಲ್ಲ ಡ್ರೈ ಫ್ರೂಟ್ಸ್ ಅನ್ನುತ್ತೇವೆ. ಅಮೆರಿಕದ ಕಸ್ಟಮ್ಸಿನಲ್ಲಿ ಫ್ರೂಟ್ ಎಂಬ ಶಬ್ದ ಕಿವಿಗೆ ಬಿದ್ದರೆ ಅವರು ಹಣ್ಣಿನ ವಿಚಾರಣೆಗೇ ಇಳಿಯುತ್ತಾರೆ. ತಾಜಾ ಹಣ್ಣು, ಬಿತ್ತನೆ ಬೀಜ, ಮಾಂಸಗಳ ಬಗ್ಗೆ ಅಲ್ಲಿ ಬಹಳ ಕಟ್ಟುನಿಟ್ಟು. ಹಸಿ ಕರಿಬೇವನ್ನೂ ಬಿಡುವುದಿಲ್ಲ, ಕಿತ್ತಳೆ ನಿಂಬೆ ತೋಟಗಳನ್ನು ಹಾಳುಮಾಡುವ ರೋಗದ ಹುಳು ಕರಿಬೇವಿನ ಮೇಲೂ ಬದುಕುತ್ತದೆ ಎಂಬ ಕಾರಣಕ್ಕೆ. ಅಂಟಿನುಂಡೆಗೆ ಏನೆಂದು ಹೇಳುವುದು? ಕೊನೆಗೆ ‘ಸ್ವೀಟ್ಸ್ ವಿತ್ ನಟ್ಸ್’ ಎಂದು ನಿರ್ಧಾರವಾಯಿತು. ಬೆಲ್ಲಕ್ಕೆ ಜಾಗರಿ ಎಂದರೆ ಅಲ್ಲಿ ಬಹಳ ಜನಕ್ಕೆ ತಿಳಿಯದು. (ದುಬೈ ಕಡೆ ಹೋಗುವವರು ಗಮನಿಸಿ: ಅಂಟಿನುಂಡೆಗೆ ಗಸಗಸೆ ಹಾಕುವವರುಂಟು. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಗಸಗಸೆ ಮಾದಕವಸ್ತುವಿನ ಲೆಕ್ಕ. ಒಂದು ಚಮಚವೂ ಬೇಡ.) ಅಮೆರಿಕದ ಕಸ್ಟಮ್ಸಿನವರು ತಿನ್ನುವ ಪದಾರ್ಥ ಇದೆಯೇ ಎಂದು ಕೇಳಿದಾಗ ಇದೆ ಎಂದು ಹೇಳಿಬಿಟ್ಟರೆ ಹೆಚ್ಚೆಂದರೆ ತೆಗೆದುಹಾಕುತ್ತಾರೆ, ಮುಚ್ಚಿಟ್ಟು ಸಿಕ್ಕರೆ ದಂಡ. ಆದ್ದರಿಂದ ಇಲ್ಲಿ ಯೆಸ್ ಅನ್ನಲೇಬೇಕು: ‘ಯೆಸ್, ಐ ಹ್ಯಾವ್ ಫುಡ್. ಸ್ವೀಟ್ಸ್ ವಿತ್ ನಟ್ಸ್. ಸ್ಪೈಸ್ ಪೌಡರ್. ಪಿಕಲ್.’ ಯೆಸ್ ಬಿಡಿಸಲು ಅಷ್ಟು ಹೆಣಗಿ, ಈಗ ಹೇಳು ಎಂದರೆ ಅಮ್ಮ ಗೊಂದಲಗೊಳ್ಳಬಹುದೆಂದು ನಾನು ಹೆದರಿದ್ದೆ. ಅವಳಿಗೆ ಗೊಂದಲವಾಗಲಿಲ್ಲ. ತಿಳಿದು ಅನ್ನುವ ಯೆಸ್ ಬೇರೆ ಎಂದು ನನಗಿಂತ ಮೊದಲು ಅವಳಿಗೆ ಹೊಳೆದಿತ್ತು.

ಇಮಿಗ್ರೇಷನ್ನಿನಲ್ಲಿ ಕೇಳುವುದು ನಾಲ್ಕೈದೇ ಪ್ರಶ್ನೆ. ಏಕೆ ಬಂದಿರಿ, ಎಷ್ಟು ದಿನ, ಎಲ್ಲಿರುತ್ತೀರಿ, ಜೊತೆಗೆ ಯಾರು, ದುಡ್ಡೆಷ್ಟಿದೆ. ಮೊದಲನೆಯದೇ ನಮ್ಮನ್ನು ಬಹಳ ಹೊತ್ತು ಹಿಡಿಯಿತು. ಅಮ್ಮ ಹೋಗುತ್ತಿರುವುದು ಬಾಣಂತನ ಮಾಡಲು. ಅದನ್ನು ಇಂಗ್ಲಿಷಿಗೆ ತರಲು ಪ್ರಯತ್ನಿಸಿದಾಗಲೆಲ್ಲ ಅದು ಕೆಲಸವಾಗಿಬಿಡುತ್ತಿತ್ತು. ಅಡುಗೆ ಮಾಡುವುದು, ಮಗು ನೋಡಿಕೊಳ್ಳುವುದು, ನೀರು ಹಾಕುವುದು. ವಿಸಿಟರ್ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ವರ್ಕ್ ಎಂಬ ಪದವೋ, ಮಗು ನೋಡಿಕೊಳ್ಳುವ ಆಯಾ ಎಂದು ತಿಳಿಯುವಂಥ ಮಾತೋ ಬಂದರೆ ಪ್ರಶ್ನೆಗಳು ಬೆಳೆಯುತ್ತವೆ ಎಂದು ಹೋಗಿಬಂದವರು ಎಚ್ಚರಿಸಿದ್ದರು. ಸುಳ್ಳು ಹೇಳುವುದು ಅಮ್ಮನಿಗೆ ಸುತರಾಂ ಒಪ್ಪಿಗೆಯಿಲ್ಲ, ನನಗೂ ಇಲ್ಲ. ಆದರೆ ಹೆತ್ತ ಮಗಳ ತಲೆಗೆ ಎಣ್ಣೆ ಹಚ್ಚುವುದು ಎಲ್ಲಿಯ ವರ್ಕ್? ಅದು ಕೂಲಿಯಲ್ಲ, ಸೇವೆಯೂ ಅಲ್ಲ. ಆ ಪದ ಅವರ ಭಾಷೆಯಲ್ಲಿ ಇಲ್ಲದಿರುವುದು ನಮ್ಮ ತಪ್ಪಲ್ಲ. ನಾವು ಉಳಿಸಿಕೊಂಡ ವಾಕ್ಯ ಪೂರ್ತಿ ನಿಜ, ಪೂರ್ತಿ ಸರಳ: ‘ಐ ಆಮ್ ವಿಸಿಟಿಂಗ್ ಮೈ ಡಾಟರ್. ಶಿ ಈಸ್ ಹ್ಯಾವಿಂಗ್ ಎ ಬೇಬಿ. ಐ ವಿಲ್ ಸ್ಟೇ ಫೈವ್ ಮಂತ್ಸ್. ದಿಸ್ ಈಸ್ ಮೈ ರಿಟರ್ನ್ ಟಿಕೆಟ್.’ ತಂಗಿಯ ವಿಳಾಸ, ಫೋನ್ ನಂಬರು ಬರೆದ ಹಾಳೆ ಪಾಸ್‌ಪೋರ್ಟಿನೊಳಗೆ.

ಅಷ್ಟರ ಮೇಲೂ ಮಾತು ಕೈಕೊಟ್ಟರೆ? ಆಗ ಭಾಷೆಯ ಹೆಸರು ಹೇಳಬೇಕು. ಬರೀ ‘ಐ ಸ್ಪೀಕ್ ಕನ್ನಡ’ ಎಂದರೆ ಅಲ್ಲಿನವರ ಕಿವಿಗೆ ಅದು ಕೆನಡಾ. ಕೆನಡಾದವರೇ, ಹಾಗಾದರೆ ಇಂಗ್ಲಿಷೋ ಫ್ರೆಂಚೋ ಬರಬೇಕಲ್ಲ ಎಂದು ಅವರು, ಹೌದು ಕನ್ನಡದವರೇ ಎಂದು ನಾವು. 2011ರ ಜನಗಣತಿಯ ಲೆಕ್ಕದಲ್ಲಿ 4.37 ಕೋಟಿ ಜನ ಮನೆಮಾತಾಗಿ ಆಡುವ ಭಾಷೆಗೆ ಪಕ್ಕದ ದೇಶದ ಹೆಸರು ಅಡ್ಡ ಬರುತ್ತದೆ. ಆದ್ದರಿಂದ ‘ಐ ಸ್ಪೀಕ್ ಕನ್ನಡ. ಇಂಡಿಯನ್ ಲ್ಯಾಂಗ್ವೇಜ್. ಬ್ಯಾಂಗಲೋರ್. ಇಂಟರ್‌ಪ್ರಿಟರ್ ಪ್ಲೀಸ್’ ಎಂದು ಊರಿನ ಸಮೇತ ಹೇಳುವುದು. ದುಭಾಷಿಯನ್ನು ಕೇಳುವುದರಲ್ಲಿ ನಾಚಿಕೆಯಿಲ್ಲ, ಅಮೆರಿಕದ ಗಡಿ ಅಧಿಕಾರಿಗಳಿಗೆ ಫೋನಿನಲ್ಲಿ ದುಭಾಷಿಯನ್ನು ಹಿಡಿಯುವ ಏರ್ಪಾಡು ಇದೆ. ಈ ಸಾಲನ್ನು ಕಲಿಯುವಾಗ ಅಮ್ಮ ‘ಕನ್ನಡ’ ಎಂಬಲ್ಲಿ ಮಾತ್ರ ಧ್ವನಿ ಏರಿಸುತ್ತಿದ್ದಳು.

ಎಲ್ಲ ವಾಕ್ಯಗಳನ್ನೂ ಅವಳೇ ಒಂದು ರಟ್ಟಿನ ಮೇಲೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು. ಹದಿನಾಲ್ಕು ಸಾಲು. ಹೊರಡುವ ರಾತ್ರಿ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲಿನಲ್ಲಿ, ಮೇಲೆಲ್ಲ ಬಿದಿರು ಹೊದಿಸಿದ ಆ ಛಾವಣಿಯ ಕೆಳಗೆ, ಕನ್ನಡದ ಬೋರ್ಡುಗಳನ್ನು ಒಂದೊಂದಾಗಿ ಓದಿದಳು. ‘ಇನ್ಮುಂದೆ ಇವಿಲ್ಲ’ ಎಂದಳು. ನಮಸ್ಕಾರ ಮಾಡಿಸಿಕೊಂಡು, ಹೋಗಿಬರ್ತೀನಿ ಎಂದು ಒಳಗೆ ಹೋದಳು. ಆ ‘ಬರ್ತೀನಿ’ಗೆ ಅವಳ ರಟ್ಟಿನಲ್ಲಿ ಇಂಗ್ಲಿಷ್ ಇರಲಿಲ್ಲ.

ಮುಂದಿನದನ್ನೆಲ್ಲ ಎರಡು ದಿನದ ನಂತರ ಫೋನಿನಲ್ಲಿ ಕೇಳಿದೆ. ಎರಡನೇ ವಿಮಾನದಲ್ಲಿ ಕೋಳಿಯೂಟ ಬಂತಂತೆ. ಮುಚ್ಚಳ ತೆಗೆದು ನೋಡಿ, ‘ನೋ ಥ್ಯಾಂಕ್ಯೂ. ನೋ ಚಿಕನ್. ಕೆನ್ ಐ ಗೆಟ್ ಬ್ರೆಡ್, ಪ್ಲೀಸ್?’ ಎಂದಳಂತೆ. ಬ್ರೆಡ್ಡು, ಬಾಳೆಹಣ್ಣು, ಮೊಸರು ಎಲ್ಲ ತಂದುಕೊಟ್ಟು ಎರಡೆರಡು ಸಲ ಕ್ಷಮೆ ಕೇಳಿದರಂತೆ. ಫ್ರಾಂಕ್‌ಫರ್ಟಿನಲ್ಲಿ ಗೇಟು ಬದಲಾಗಿದೆ ಎಂದು ಮೈಕಿನಲ್ಲಿ ಕೂಗಿದ್ದು ಅವಳಿಗೆ ತಿಳಿದಿರಲಿಲ್ಲ, ಸುತ್ತಲಿನ ಜನ ಎದ್ದದ್ದು ತಿಳಿಯಿತು. ಕೂಡಲೇ ಎದ್ದು ಹಿಂದೆ ಹೋಗಲಿಲ್ಲ. ಕೌಂಟರಿಗೆ ಹೋಗಿ ಪಾಸು ತೋರಿಸಿ ‘ಪ್ಲೀಸ್ ರೈಟ್ ಇಟ್’ ಎಂದಳು. ಅಲ್ಲಿದ್ದವರು ಪಾಸಿನ ಮೇಲೆಯೇ ದೊಡ್ಡದಾಗಿ ಬರೆದುಕೊಟ್ಟರು.

ಷಿಕಾಗೋದ ಅಧಿಕಾರಿ ಬೆರಳಚ್ಚು ತೆಗೆದು, ಪ್ರಶ್ನೆ ಕೇಳಿ, ಪಾಸ್‌ಪೋರ್ಟ್ ವಾಪಸು ಕೊಡುತ್ತ ‘ಯು ಆರ್ ಆಲ್ ಸೆಟ್’ ಎಂದನಂತೆ. ಇದನ್ನು ನಾನು ಕಲಿಸಿರಲಿಲ್ಲ. ನನಗೆ ಹೊಳೆದೇ ಇರಲಿಲ್ಲ. ಎಲ್ಲ ಮುಗಿಯಿತು, ಹೊರಡಿ ಎಂಬುದಕ್ಕೆ ಅಲ್ಲಿ ಹಾಗನ್ನುತ್ತಾರೆ. ಅಮ್ಮ ತಲೆಯಾಡಿಸಲಿಲ್ಲ, ಹೆಜ್ಜೆಯನ್ನೂ ಎತ್ತಲಿಲ್ಲ. ಹಿಂದೆ ಉದ್ದನೆಯ ಸಾಲು ಕಾಯುತ್ತಿತ್ತು. ‘ಸಾರಿ. ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್. ಸ್ಲೋಲಿ ಪ್ಲೀಸ್’ ಎಂದಳು. ಆತ ನಕ್ಕು, ಬಾಗಿಲ ಕಡೆ ಕೈ ತೋರಿಸಿ, ‘ಫಿನಿಶ್ಡ್. ಯು ಕೆನ್ ಗೋ. ಕಂಗ್ರಾಚ್ಯುಲೇಷನ್ಸ್, ಗ್ರ್ಯಾಂಡ್‌ಮಾ’ ಎಂದನಂತೆ. ಕೊನೆಯ ಪದ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಐದು ತಿಂಗಳಾದ ಮೇಲೆ ಬಂದಾಗ ರಟ್ಟಿನ ಮೂಲೆಯಲ್ಲಿ ಅರಿಶಿನದ ಕಲೆಯಿತ್ತು. ಹಿಂಬದಿಯಲ್ಲಿ ಅವಳದೇ ಕೈಬರಹದಲ್ಲಿ ಹೊಸ ಸಾಲುಗಳು. ‘ಯು ಆರ್ ಆಲ್ ಸೆಟ್: ಹೊರಡು ಅಂತ’. ‘ಫಾರ್ ಹಿಯರ್ ಆರ್ ಟು ಗೋ: ಇಲ್ಲೇ ತಿಂತೀರಾ, ಕಟ್ಟಿಕೊಡಬೇಕಾ’. ‘ಹೌ ಆರ್ ಯು: ಉತ್ತರ ಬೇಕಂತಿಲ್ಲ, ಊಟ ಆಯ್ತಾ ಅಂದ ಹಾಗೆ’. ನಾನು ಕೊಟ್ಟ ಹದಿನಾಲ್ಕರಲ್ಲಿ ಮೂರನ್ನು ಹೊಡೆದುಹಾಕಿದ್ದಳು, ಬೇಕಾಗಲೇ ಇಲ್ಲವಂತೆ.

ಕಳೆದ ತಿಂಗಳು ಕೆಳಮನೆಯವರಿಗೆ ಟೊರಾಂಟೊದ ಮಗನ ಮನೆಗೆ ಟಿಕೆಟ್ ಆಯಿತು. ಅವರೂ ಒಬ್ಬರೇ. ಈಗ ದಿನಾ ಮಧ್ಯಾಹ್ನ ಮೂರಕ್ಕೆ ಮೇಲೆ ಬರುತ್ತಾರೆ. ನಿನ್ನೆ ನಾನು ಒಳಗೆ ಕೂತು ಕೆಲಸ ಮಾಡುತ್ತಿದ್ದೆ, ಹೊರಗೆ ಇಬ್ಬರೂ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಮಾತು ಮಳೆ, ಮೊಮ್ಮಕ್ಕಳು, ಗ್ಯಾಸ್ ಸಿಲಿಂಡರಿನ ಬಗ್ಗೆ ಹರಿದಿತ್ತು. ಅದರ ನಡುವೆಯೇ ಅಮ್ಮ ಇದ್ದಕ್ಕಿದ್ದಂತೆ ಧ್ವನಿ ಬದಲಿಸಿ, ಯಾವ ಭಾಷೆಯೂ ಅಲ್ಲದ ಒಂದಷ್ಟು ಶಬ್ದಗಳನ್ನು ಸರಸರನೆ ಉದುರಿಸಿದಳು. ಒಂದು ಕ್ಷಣ ಸದ್ದಿಲ್ಲ. ಆಮೇಲೆ ಕೆಳಮನೆಯವರ ದನಿ, ‘ಯೆಸ್ ಯೆಸ್’.

‘ಏನಂದೆ ಹೇಳ್ರಿ ನೋಡೋಣ?’ ಎಂದು ಅಮ್ಮ ಕೇಳಿದಳು.